ಜುಟ್ಟು ಮೊದಲು, ಬಣ್ಣ ಆಮೇಲೆ

ನಾನು ಪಶುವೈದ್ಯ. ಕುರಿ, ಎಮ್ಮೆ, ಎತ್ತು, ಜವಾರಿ ಕೋಳಿ ಇವೇ ನನ್ನ ದಿನನಿತ್ಯದ ರೋಗಿಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ದುಡಿದು ಈಗ ಮುನಿರಾಬಾದಿನಲ್ಲಿ ನೆಲೆ ನಿಂತಿದ್ದೇನೆ. ಈ ಭಾಗದಲ್ಲಿ ನವಿಲಿನ ಪ್ರಶ್ನೆಗಳೂ ವೈದ್ಯನ ಬಾಗಿಲಿಗೇ ಬರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಕಡೆ ಭತ್ತದ ಗದ್ದೆ, ಆನೆಗೊಂದಿ ಕಡೆ ಬಂಡೆಗುಡ್ಡ, ಯಲಬುರ್ಗಾ-ಕುಷ್ಟಗಿಯಲ್ಲಿ ಎರಿ ಹೊಲ, ನಡುನಡುವೆ ಜಾಲಿ ಬೆಳೆದ ಹಳ್ಳ. ನವಿಲಿಗೆ ಬೇಕಾದದ್ದೆಲ್ಲ ಇಲ್ಲಿದೆ. ಗಾಯಗೊಂಡ ಹಕ್ಕಿಯನ್ನು ಅರಣ್ಯ ಸಿಬ್ಬಂದಿ ತಂದಾಗ ಮದ್ದು ಕಟ್ಟಿದ್ದೇನೆ, ತಾಯಿ ಸತ್ತ ಮೊಟ್ಟೆಗಳಿಗೆ ಅವರ ಕೋರಿಕೆಯ ಮೇಲೆ ಕಾವು ಕೊಡಿಸಿದ್ದೇನೆ. "ಇದು ಅಪರೂಪದ ಜಾತಿಯ ನವಿಲೇ?" "ಇದರ ಸಂತಾನ ಹೆಚ್ಚಿಸಬಹುದೇ?" ಎಂದು ಕೇಳಿಕೊಂಡು ಬಂದವರಿಗೆ ಉತ್ತರ ಹೇಳಿದ್ದೇನೆ. ಆ ಉತ್ತರಗಳನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

1. ನಮ್ಮ ನವಿಲಿಗೆ ಉಪಪ್ರಭೇದಗಳೇ ಇಲ್ಲ

ಮೊದಲು ತಿಳಿಯಬೇಕಾದದ್ದು ಇದು. ನಮ್ಮ ಹೊಲದಲ್ಲಿ ಓಡಾಡುವ ನೀಲಿ ಕತ್ತಿನ ನವಿಲಿಗೆ ಲಿನಿಯಸ್ 1758ರಲ್ಲಿ ಪಾವೊ ಕ್ರಿಸ್ಟೇಟಸ್ ಎಂದು ಹೆಸರಿಟ್ಟ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಇರುವುದೆಲ್ಲ ಇದೇ ಒಂದು ಪ್ರಭೇದ. ಊರೂರಿಗೆ ಬೇರೆ ಬೇರೆ ಉಪಪ್ರಭೇದಗಳನ್ನು ಪಕ್ಷಿಶಾಸ್ತ್ರ ಗುರುತಿಸಿಲ್ಲ. ಆದ್ದರಿಂದ ಕೊಪ್ಪಳ ಜಿಲ್ಲೆಯ ಕಾಡು, ಹೊಲ, ಗುಡ್ಡದಲ್ಲಿ ಕಂಡ ನವಿಲನ್ನು ಯಾರಾದರೂ "ಅಪರೂಪದ ಉಪಜಾತಿ" ಎಂದರೆ ಆ ಮಾತಿಗೆ ಆಧಾರವಿಲ್ಲ.

ಕುರಿ ಸಾಕುವವರಿಗೆ ಇದನ್ನು ತಿಳಿಸುವುದು ಸ್ವಲ್ಪ ಕಷ್ಟ. ಅವರ ಕಣ್ಣು ತಳಿ ನೋಡಿ ಪಳಗಿದೆ. ನಮ್ಮ ಕಡೆಯ ಕೆಂಗುರಿ ಕುರಿಯ ಕೆಂಪು ಮೈ ಕಂಡರೆ ಸಾಕು, ದೂರದಿಂದಲೇ ಹೆಸರು ಹೇಳುತ್ತಾರೆ. ಬಣ್ಣ ಬೇರೆಯಾದರೆ ತಳಿಯೂ ಬೇರೆ ಎಂಬ ಲೆಕ್ಕ ಕುರಿಯಲ್ಲಿ ಬಹುಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ಆ ತಳಿಯನ್ನು ಮಾಡಿದವರೇ ಕುರಿಗಾರರು. ಬೇಕಾದ ಟಗರು ಉಳಿಸಿಕೊಂಡು, ಬೇಡದ್ದನ್ನು ಮಾರಿ, ತಲೆಮಾರುಗಳ ಆಯ್ಕೆಯಿಂದ ಕೆಂಗುರಿ ಕೆಂಗುರಿಯಾಗಿದೆ. ಉಪಪ್ರಭೇದ ಆಗುವ ದಾರಿ ಬೇರೆ. ಒಂದೇ ಪ್ರಭೇದದ ಹಕ್ಕಿಗಳು ನದಿ, ಪರ್ವತ, ಸಮುದ್ರಗಳಿಂದ ಬೇರ್ಪಟ್ಟು ಸಾವಿರಾರು ವರ್ಷ ತಮ್ಮ ತಮ್ಮೊಳಗೇ ಸಂತಾನ ಬೆಳೆಸಿದಾಗ ಹುಟ್ಟುವ ವ್ಯತ್ಯಾಸ ಅದು. ಒಂದು ಹಿಂಡಿನಲ್ಲಿ ಒಂದು ಹಕ್ಕಿ ಬೇರೆ ಬಣ್ಣದ್ದಾಗಿ ಹುಟ್ಟಿದರೆ ಅದು ಉಪಪ್ರಭೇದವಾಗುವುದಿಲ್ಲ.

2. ಬಿಳಿ ನವಿಲು ಬೇರೆ ಜಾತಿಯಲ್ಲ

"ಡಾಕ್ಟ್ರ, ಬಿಳೇ ನವಲ ಅಂದ್ರ ಬ್ಯಾರೇ ಜಾತೀದೇನ್ರಿ?" ಮೃಗಾಲಯ ನೋಡಿ ಬಂದವರು ಕೇಳುವ ಮೊದಲ ಪ್ರಶ್ನೆ ಇದು.

ಅಲ್ಲ. ಬಿಳಿ ನವಿಲೂ ಪಾವೊ ಕ್ರಿಸ್ಟೇಟಸ್‌. ಗರಿಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ತಲುಪದಂತೆ ಮಾಡುವ ವಂಶವಾಹಿಯಿಂದ ಹಾಗಾಗುತ್ತದೆ. ಅದರ ಕಣ್ಣು ನೋಡಿ. ಪೂರ್ಣ ಅಲ್ಬಿನೊ ಪ್ರಾಣಿಯ ಕಣ್ಣಿನಂತೆ ಕೆಂಪಗಿರುವುದಿಲ್ಲ. ಅಂದರೆ ದೇಹದಲ್ಲಿ ಬಣ್ಣ ತಯಾರಿಸುವ ಶಕ್ತಿಯೇ ಇಲ್ಲವೆಂದಲ್ಲ, ಗರಿಗೆ ಮಾತ್ರ ಅದು ಬಂದಿಲ್ಲ. ಮೊಟ್ಟೆಯಿಂದ ಹೊರಬಂದ ಬಿಳಿ ಮರಿ ಹಳದಿಯಾಗಿರುತ್ತದೆ, ಸಾಮಾನ್ಯ ಮರಿಯ ಬೆನ್ನು ಕಂದಾಗಿರುತ್ತದೆ.

ಇನ್ನೊಂದು ವಿಷಯ ಹೇಳಿದರೆ ಶಾಲೆಯ ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ. ನವಿಲಿನ ಗರಿಯಲ್ಲಿ ನೀಲಿ ಬಣ್ಣವೂ ಇಲ್ಲ, ಹಸಿರು ಬಣ್ಣವೂ ಇಲ್ಲ. ಗರಿಯ ಎಳೆಯೊಳಗೆ ಮೆಲನಿನ್‌ನ ಸಣ್ಣ ಸಣ್ಣ ಕಡ್ಡಿಗಳು ಅತಿ ಕ್ರಮವಾಗಿ ಜೋಡಣೆಯಾಗಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ತಕ್ಕಂತೆ ಬೆಳಕು ಹಿಂದಿರುಗುತ್ತದೆ. ಆ ಅಂತರ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣ ಪ್ರಮಾಣದಲ್ಲಿ ಹೆಚ್ಚುಕಮ್ಮಿಯಾದರೂ ಸಾಕು, ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು, ಮತ್ತೊಂದು ಕಡೆ ಕಂಚಿನ ಬಣ್ಣ ಕಾಣುತ್ತದೆ. ಮೆಲನಿನ್ ಇಲ್ಲದಿದ್ದರೆ ಆ ಜೋಡಣೆಯೂ ಇಲ್ಲ. ಹಾಗಾಗಿ ಬಿಳಿ ನವಿಲಿನ ಸೋಗೆಯಲ್ಲಿ ಕಣ್ಣುಗಳ ಗುರುತು ನೆರಳಿನಂತೆ ಕಂಡರೂ ಹೊಳೆಯುವುದಿಲ್ಲ.

ಬಣ್ಣ ನೋಡಿ ಮೋಸಹೋಗುವುದು ಬರೀ ನಮ್ಮೂರಲ್ಲಿ ನಡೆದದ್ದಲ್ಲ. ರೆಕ್ಕೆಯ ಮೇಲೆ ಪಟ್ಟೆಗಳಿಲ್ಲದೆ ಕಡುಗಪ್ಪು-ನೀಲಿ ಇರುವ "ಕಪ್ಪು ಭುಜದ" ನವಿಲುಗಳನ್ನು ಕಂಡು ಇಂಗ್ಲೆಂಡಿನ ಪಕ್ಷಿತಜ್ಞ ಸ್ಕ್ಲೇಟರ್ 1860ರಲ್ಲಿ ಅದನ್ನು ಬೇರೆಯದೇ ಪ್ರಭೇದವೆಂದು ಸಾರಿ ಪಾವೊ ನಿಗ್ರಿಪೆನ್ನಿಸ್ ಎಂದು ಹೆಸರಿಟ್ಟ. ಚಾರ್ಲ್ಸ್ ಡಾರ್ವಿನ್ ಸುಮ್ಮನಿರಲಿಲ್ಲ. ಸಾಮಾನ್ಯ ನವಿಲುಗಳನ್ನು ಮಾತ್ರ ಸಾಕಿದ ಮನೆಗಳಲ್ಲಿ ಇದ್ದಕ್ಕಿದ್ದಂತೆ ಕಪ್ಪು ಭುಜದ ಮರಿಗಳು ಹುಟ್ಟಿದ ಪ್ರಸಂಗಗಳನ್ನು ಒಟ್ಟುಮಾಡಿ, ಇದು ಸಾಮಾನ್ಯ ನವಿಲಿನಲ್ಲೇ ಹುಟ್ಟುವ ಒಂದು ಮಾರ್ಪಾಡು ಎಂದು 1868ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಾದಿಸಿದ. ಈಗ ಅವನ ಮಾತೇ ಸರಿ ಎಂದಾಗಿದೆ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ವಂಶವಾಹಿ ಬಂದಾಗ ಮಾತ್ರ ಈ ಬಣ್ಣ ಹೊರಗೆ ಕಾಣುತ್ತದೆ. ಈ ಮಾರ್ಪಾಡಿನ ಹೆಣ್ಣು ಗಂಡಿನಂತೆ ಕಪ್ಪಾಗಿರದೆ ಕೆನೆಬಣ್ಣದ ಮೈಮೇಲೆ ಕಪ್ಪು ಚುಕ್ಕೆ ಹೊತ್ತಿರುತ್ತದೆ. ಅದನ್ನು ಕಂಡವರು ಇನ್ನೊಂದು ಹೊಸ ಜಾತಿ ಎಂದುಕೊಳ್ಳುವುದೂ ಉಂಟು.

ಬಿಳಿ, ಕಪ್ಪು ಭುಜ, ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ ಇವೆಲ್ಲ ಹೊರದೇಶಗಳ ಸಾಕಣೆಗಾರರು ಆಸೆಪಟ್ಟು ಬೆಳೆಸಿದ ಬಣ್ಣಗಳು. ಕಾಡಿನಲ್ಲಿ ಉಳಿಯಬೇಕಾದ ಹಕ್ಕಿಗೆ ಇದರಿಂದ ಏನೂ ಲಾಭವಿಲ್ಲ. ಒಂದೇ ಬಣ್ಣ ಗಟ್ಟಿಯಾಗಲೆಂದು ಅಣ್ಣ-ತಂಗಿಯರನ್ನೇ ಕೂಡಿಸಿದರೆ ಮೊಟ್ಟೆಯೊಳಗೇ ಮರಿ ಸಾಯುವುದು, ಕಾಲು ಸೊಟ್ಟಗಾಗುವುದು, ರೋಗ ತಡೆಯುವ ಶಕ್ತಿ ಕುಗ್ಗುವುದು ಶುರುವಾಗುತ್ತದೆ. ಬಣ್ಣಕ್ಕಾಗಿ ಸಂತಾನ ಬೆಳೆಸುವುದನ್ನು ಸಂರಕ್ಷಣೆ ಎಂದು ಕರೆಯಬಾರದು ಎಂಬುದು ನನ್ನ ಖಚಿತ ನಿಲುವು.

3. ವಯಸ್ಸು ಮತ್ತು ಋತು ತಿಳಿಯದೆ ಗುರುತು ಹೇಳಬೇಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ಸೋಗೆ ಉದುರಿಸುತ್ತದೆ. ಆಗ ನೀಲಿ ಕತ್ತು, ಮೋಟು ಹಿಂಭಾಗದ ಹಕ್ಕಿ ಶೇಂಗಾ ಹೊಲದಲ್ಲಿ ಓಡಾಡುವುದನ್ನು ಕಂಡು "ಬಾಲ ಇಲ್ಲದ ಜಾತಿ" ಎಂದು ಫೋನ್ ಮಾಡುವವರು ಪ್ರತಿ ವರ್ಷ ಇದ್ದಾರೆ. ನಾವು ಬಾಲ ಎನ್ನುವುದು ನಿಜಕ್ಕೂ ಬಾಲವಲ್ಲ. ಬೆನ್ನಿನ ಕೆಳಭಾಗದಿಂದ, ಬಾಲದ ಮೇಲಿನಿಂದ ಹೊರಟ ಉದ್ದನೆಯ ಹೊದಿಕೆ ಗರಿಗಳು ಅವು. ನಿಜವಾದ ಬಾಲದಲ್ಲಿರುವುದು 20 ಗಿಡ್ಡ ಕಂದು ಗರಿ. ಕುಣಿಯುವಾಗ ಹಿಂದಿನಿಂದ ಸೋಗೆಗೆ ಆಸರೆ ಕೊಡುವುದು ಅವೇ.

ಎಳೆಯ ಗಂಡು ಇನ್ನೂ ಹೆಚ್ಚು ಗೊಂದಲ ಮಾಡುತ್ತದೆ. ಮೊದಲ ವರ್ಷ ಅದು ಹೆಣ್ಣಿನಂತೆಯೇ ಕಾಣುತ್ತದೆ. ಎರಡನೆಯ ವರ್ಷದಲ್ಲಿ ಕತ್ತು ನೀಲಿಯಾದರೂ ಸೋಗೆ ಬರುವುದಿಲ್ಲ. ಸೋಗೆ ಕಣ್ಣುಗಳೊಂದಿಗೆ ಬೆಳೆಯಲು ಮೂರು ವರ್ಷ ಬೇಕು, ಮುಂದೆ ಒಂದೆರಡು ವರ್ಷ ಉದ್ದವಾಗುತ್ತಲೇ ಹೋಗುತ್ತದೆ. ಗುರುತಿಸಲು ನಾನು ನೋಡುವುದು ರೆಕ್ಕೆಯ ದೊಡ್ಡ ಗರಿಗಳನ್ನು. ಗಂಡಿನಲ್ಲಿ ಅವು ಇಟ್ಟಿಗೆಗೆಂಪು, ಹೆಣ್ಣಿನಲ್ಲಿ ಮಾಸಲು ಕಂದು. ಹಕ್ಕಿ ಹಾರುವಾಗ ಈ ಕೆಂಪು ಎದ್ದು ಕಾಣುತ್ತದೆ. ಫೋಟೊ ಕಳಿಸುವವರಿಗೆ ನಾನು ಹೇಳುವುದಿಷ್ಟೇ: ತಲೆ ಒಂದು ಬದಿಯಿಂದ, ರೆಕ್ಕೆ ಬಿಚ್ಚಿದಾಗ, ಕಾಲು ಪೂರ್ತಿ ಕಾಣುವಂತೆ, ತೆಗೆದ ತಿಂಗಳು ಯಾವುದೆಂದು ಬರೆದು ಕಳಿಸಿ. ಸೋಗೆಯ ಫೋಟೊದಿಂದ ಯಾವ ಪ್ರಯೋಜನವೂ ಇಲ್ಲ.

4. ನಿಜವಾಗಿ ಅಪರೂಪವಾದದ್ದು ಹಸಿರು ನವಿಲು

ಉಪಪ್ರಭೇದಗಳ ಮಾತು ಬರುವುದು ಪಾವೊ ಮ್ಯೂಟಿಕಸ್ ಎಂಬ ಹಸಿರು ನವಿಲಿನ ವಿಷಯದಲ್ಲಿ. ಅದರಲ್ಲಿ ಮೂರು ಉಪಪ್ರಭೇದಗಳು. ಜಾವಾ ದ್ವೀಪದ್ದು ಮ್ಯೂಟಿಕಸ್, ಮೂರರಲ್ಲಿ ಅತ್ಯಂತ ಉಜ್ವಲವಾದದ್ದು. ಥಾಯ್ಲೆಂಡ್, ವಿಯೆಟ್ನಾಂ, ಚೀನಾದ ಯುನ್ನಾನ್ ಕಡೆಯದು ಇಂಪರೇಟರ್, ಇದನ್ನು ಫ್ರೆಂಚ್ ಪಕ್ಷಿತಜ್ಞ ಡೆಲಾಕೂರ್ 1949ರಲ್ಲಿ ಬೇರ್ಪಡಿಸಿದ. ಮೂರನೆಯದು ಸ್ಪೈಸಿಫರ್. ನಮ್ಮ ದೇಶದ ಈಶಾನ್ಯ ಮೂಲೆ ಮತ್ತು ಪಶ್ಚಿಮ ಮ್ಯಾನ್ಮಾರ್ ಅದರ ನೆಲೆ. ಭಾರತದಲ್ಲಿ ಅದರ ಸುದ್ದಿ ಕೇಳಿಬರುವುದು ಮಣಿಪುರದ ಗಡಿಯಂಚಿನ ಕಾಡುಗಳಿಂದ, ಅದೂ ಬಹಳ ಅಪರೂಪಕ್ಕೆ. ಚಿತ್ತಗಾಂಗ್ ಕಡೆ ಒಂದು ಕಾಲಕ್ಕೆ ಇದ್ದದ್ದು ಈಗಿಲ್ಲ. ಮಲೇಷ್ಯಾದಲ್ಲೂ ಹಸಿರು ನವಿಲು ಅಳಿದುಹೋಗಿದೆ. ಇಡೀ ಪ್ರಭೇದವೇ ಅಳಿವಿನಂಚಿನದೆಂದು ಜಾಗತಿಕ ಕೆಂಪುಪಟ್ಟಿಯಲ್ಲಿ ಸೇರಿದೆ.

ನೀಲಿಯನ್ನೂ ಹಸಿರನ್ನೂ ಬೇರ್ಪಡಿಸಲು ಜುಟ್ಟು ನೋಡಬೇಕು. ನಮ್ಮ ನವಿಲಿನ ಜುಟ್ಟಿನಲ್ಲಿ ಪ್ರತಿ ಕಡ್ಡಿಯೂ ಬರಿದಾಗಿದ್ದು ತುದಿಯಲ್ಲಿ ಮಾತ್ರ ಗರಿಯಿರುತ್ತದೆ, ಇಡೀ ಜುಟ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಹಸಿರು ನವಿಲಿನ ಜುಟ್ಟು ಬುಡದಿಂದ ತುದಿಯವರೆಗೆ ಗರಿ ತುಂಬಿ, ಒತ್ತಾಗಿ, ನೆಟ್ಟಗೆ ಎದ್ದು ನಿಂತಿರುತ್ತದೆ. ಆಮೇಲೆ ಮುಖ. ನಮ್ಮದರ ಕಣ್ಣಿನ ಮೇಲೆ ಕೆಳಗೆ ಬಿಳಿ ಚರ್ಮದ ಪಟ್ಟಿ. ಹಸಿರಿನದು ಹಳದಿ ಮತ್ತು ತಿಳಿನೀಲಿ. ಅದರ ಕತ್ತಿನ ಗರಿಗಳು ಹುರುಪೆ ಹುರುಪೆಯಾಗಿ ಒಂದರ ಮೇಲೊಂದು ಕೂತಿರುತ್ತವೆ. ಕಾಲು ಉದ್ದ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹೆಣ್ಣಿನದು. ನಮ್ಮ ಹೆಣ್ಣು ನವಿಲು ಕಂದು, ಕತ್ತಿನ ಕೆಳಗಷ್ಟೇ ಒಂದಿಷ್ಟು ಹಸಿರು. ಹಸಿರು ನವಿಲಿನ ಹೆಣ್ಣು ಸೋಗೆಯೊಂದು ಬಿಟ್ಟರೆ ಗಂಡಿನಷ್ಟೇ ಬಣ್ಣದ್ದು.

ಇಷ್ಟರಿಂದ ಪ್ರಭೇದ ಗೊತ್ತಾಯಿತು. ಉಪಪ್ರಭೇದ ಗೊತ್ತಾಗಲಿಲ್ಲ. ಸ್ಪೈಸಿಫರ್ ಉಳಿದೆರಡಕ್ಕಿಂತ ಮಂಕು, ಕತ್ತು-ಎದೆ ಹೆಚ್ಚು ನೀಲಿ ಎಂದು ಬರೆದಿರುತ್ತಾರೆ, ನಿಜ. ಆದರೆ ಬೆಳಕು ಬೀಳುವ ಕೋನ ಬದಲಾದರೆ ಬಣ್ಣವೇ ಬದಲಾಗುವ ಹಕ್ಕಿಯಲ್ಲಿ "ಹೆಚ್ಚು ನೀಲಿ" ಎಂಬುದನ್ನು ಅಳೆಯುವುದು ಹೇಗೆ? ಗರಿ ಹಳತಾದರೂ ಮಂಕಾಗುತ್ತದೆ. ಹಾಗಾಗಿ ಹಕ್ಕಿ ಯಾವ ಕಾಡಿನಿಂದ ಬಂತು ಎಂಬ ನಂಬಬಹುದಾದ ದಾಖಲೆಯೂ, ಡಿಎನ್‌ಎ ಪರೀಕ್ಷೆಯೂ ಎರಡೂ ಬೇಕು.

5. ಬೆರಕೆ ಹಕ್ಕಿ ಚೆಂದ ಇರುತ್ತದೆ, ಅಪಾಯ ಇರುವುದೂ ಅಲ್ಲೇ

ನೀಲಿ ನವಿಲೂ ಹಸಿರು ನವಿಲೂ ಕೂಡಿದರೆ ಮರಿ ಹುಟ್ಟುತ್ತದೆ. ಆ ಮರಿಗೂ ಸಂತಾನಶಕ್ತಿ ಇರುತ್ತದೆ. ಹೊರದೇಶಗಳಲ್ಲಿ ಇವನ್ನು ಸ್ಪಾಲ್ಡಿಂಗ್ ಎನ್ನುತ್ತಾರೆ. ಮೊದಲ ತಲೆಮಾರಿನಲ್ಲಿ ಬೆರಕೆ ಎದ್ದು ಕಾಣುತ್ತದೆ. ಜುಟ್ಟು ಅರ್ಧ ಹರಡಿ ಅರ್ಧ ನೆಟ್ಟಗೆ, ಮುಖದ ಹಳದಿ ಪೇಲವ. ಅವನ್ನು ಮತ್ತೆ ಮತ್ತೆ ಹಸಿರು ನವಿಲಿಗೇ ಕೂಡಿಸುತ್ತ ಹೋದರೆ ಮೂರ್ನಾಲ್ಕು ತಲೆಮಾರಿನಲ್ಲಿ ಕಣ್ಣಿಗೆ ಶುದ್ಧ ಹಸಿರು ನವಿಲೇ ಅನ್ನಿಸುವ ಹಕ್ಕಿ ಸಿಗುತ್ತದೆ. ರಕ್ತದಲ್ಲಿ ನೀಲಿ ಉಳಿದೇ ಇರುತ್ತದೆ.

ಇಂಥ ಹಕ್ಕಿಯನ್ನು "ಸ್ಪೈಸಿಫರ್ ಜೋಡಿ" ಎಂದು ತಂದು ಮರಿ ಮಾಡಿಸಿ ಕಾಡಿಗೆ ಬಿಟ್ಟರೆ ಉಳಿದಿರುವ ಅಷ್ಟಿಷ್ಟು ಕಾಡುಹಕ್ಕಿಗಳ ವಂಶವೂ ಕಲಬೆರಕೆಯಾಗುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗದು. ಪರೀಕ್ಷೆ ಮಾಡಿಸುವಾಗಲೂ ಒಂದು ಎಚ್ಚರಿಕೆ ಇರಲಿ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ತಾಯಿಯ ಕಡೆಯ ಸಾಲು ಹಸಿರಾಗಿದ್ದು ತಂದೆಯ ಕಡೆ ಬೆರಕೆ ಇದ್ದರೆ ಆ ಪರೀಕ್ಷೆ "ಶುದ್ಧ" ಎಂದೇ ತೋರಿಸುತ್ತದೆ. ಜೀವಕೋಶದ ಕೇಂದ್ರದ ಡಿಎನ್‌ಎಯನ್ನೂ ನೋಡಿಸಬೇಕು.

6. ಚೀಟಿಯಲ್ಲಿ ಬರೆದದ್ದನ್ನು ನಂಬುವ ಮೊದಲು ಹಕ್ಕಿಯನ್ನು ನೋಡಿ

ಅಮೆರಿಕದ ಪಕ್ಷಿತಜ್ಞ ಜೇಮ್ಸ್ ಚಾಪಿನ್‌ಗೆ 1913ರಲ್ಲಿ ಕಾಂಗೊದ ಕಾಡಿನಲ್ಲಿ ಸ್ಥಳೀಯನೊಬ್ಬನ ಟೊಪ್ಪಿಗೆಯ ಮೇಲಿದ್ದ ಒಂದು ಗರಿ ಸಿಕ್ಕಿತು. ಅದು ಯಾವ ಹಕ್ಕಿಯದೆಂದು ತಿಳಿಯಲಿಲ್ಲ. ಅದನ್ನು ಕಾಪಿಟ್ಟುಕೊಂಡ. 1936ರಲ್ಲಿ ಬೆಲ್ಜಿಯಂನ ಟೆರ್ವ್ಯೂರೆನ್ ಮ್ಯೂಸಿಯಂನಲ್ಲಿ ಒಂದು ಮೂಲೆಗೆ ಬಿದ್ದಿದ್ದ ಎರಡು ಒಣ ಹಕ್ಕಿಗಳನ್ನು ಕಂಡ. ಚೀಟಿಯಲ್ಲಿ "ಎಳೆಯ ಭಾರತೀಯ ನವಿಲು" ಎಂದಿತ್ತು. ಗರಿ ಹೊಂದಿಕೆಯಾಯಿತು. ಆಫ್ರಿಕಾ ಖಂಡದ ಏಕೈಕ ನವಿಲು, ಆಫ್ರೊಪಾವೊ ಕಾಂಗೆನ್ಸಿಸ್, ಜಗತ್ತಿಗೆ ಪರಿಚಯವಾದದ್ದು ಹೀಗೆ. ತಪ್ಪು ಚೀಟಿಯ ಹಿಂದೆ ಒಂದು ಹೊಸ ಪ್ರಭೇದವೇ ಅಡಗಿತ್ತು. ಚೀಟಿ ತಪ್ಪಿದ್ದರೆ ಸಾಮಾನ್ಯ ಹಕ್ಕಿಯೂ ಅಪರೂಪದ್ದಾಗಿ ಕೂತಿರಬಹುದು.

7. ಕಾನೂನು ಕೇಳಿಕೊಂಡೇ ಮುಂದಿನ ಮಾತು

ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ. ಹಿಡಿಯುವುದು, ಸಾಕುವುದು, ಮಾರುವುದು, ಮೊಟ್ಟೆ ತೆಗೆಯುವುದು ಎಲ್ಲ ಅಪರಾಧ. 2022ರ ತಿದ್ದುಪಡಿಯ ನಂತರ ಒಂದನೇ ಪರಿಚ್ಛೇದದ ಪ್ರಾಣಿಗಳ ಬೇಟೆಯಂಥ ಅಪರಾಧಕ್ಕೆ 3ರಿಂದ 7 ವರ್ಷ ಸೆರೆಮನೆ, ಕನಿಷ್ಠ 25,000 ರೂಪಾಯಿ ದಂಡ. ತಾನಾಗಿ ಉದುರಿದ ಸೋಗೆಯ ಗರಿ ಮನೆಯಲ್ಲಿದ್ದರೆ ತಕರಾರಿಲ್ಲ.

"ಸಾಹೇಬ್ರ, ನಾನೇನ್ ಮಾರಾಂವಲ್ಲ, ಪ್ರೀತಿಗೆ ಸಾಕ್ತೀನ್ರಿ" ಎನ್ನುವವರಿಗೆ ನಾನು ಹೇಳುವುದು ಒಂದೇ: "ಯಜಮಾನ್ರ, ನಿಮ್ಮ ಪ್ರೀತಿ ದೊಡ್ಡದೈತಿ, ಖರೆ. ಹಕ್ಕಿ ಹೊಲದಾಗ ಇರ್ಲಿ, ಅಲ್ಲೇ ಪ್ರೀತಿ ಮಾಡ್ರಿ." ಅಳಿವಿನಂಚಿನ ಹಕ್ಕಿಯ ಸಂತಾನ ಬೆಳೆಸುವ ಕೆಲಸ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಪಡೆದ ಸಂಸ್ಥೆಗಳದು. ಪ್ರತಿ ಹಕ್ಕಿಯ ಕಾಲಿಗೆ ಉಂಗುರ, ತಂದೆ-ತಾಯಿ-ಅಜ್ಜ-ಅಜ್ಜಿಯರ ಹೆಸರಿರುವ ವಂಶಾವಳಿ ಪುಸ್ತಕ, ಯಾವ ಹಕ್ಕಿಗೆ ಯಾವ ಹಕ್ಕಿ ಜೋಡಿ ಎಂಬ ಲೆಕ್ಕ, ಇಷ್ಟೂ ಇಲ್ಲದೆ ಆ ಕೆಲಸ ನಡೆಯುವುದಿಲ್ಲ.

8. ಅನಾಥ ಮೊಟ್ಟೆಗೆ ಜವಾರಿ ಕೋಳಿ ನೆರವಾಗುತ್ತದೆ, ಆದರೆ ನಿಯಮ ಬೇರೆ

ಕಾವಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅರಣ್ಯ ಸಿಬ್ಬಂದಿಗೂ ಮೃಗಾಲಯದ ಹೊಸ ಕೆಲಸಗಾರರಿಗೂ ಉಪಯೋಗಕ್ಕೆ ಬರಬಹುದು. ನೀಲಿ ನವಿಲಿನಲ್ಲಿ ಕಲಿತದ್ದೇ ಹಸಿರು ನವಿಲಿಗೂ ಬಹುಪಾಲು ಹೊಂದುತ್ತದೆ.

ಹೆಣ್ಣು ನವಿಲು ಪೊದೆಯ ಬುಡದಲ್ಲೋ ಬದುವಿನ ಹುಲ್ಲಿನಲ್ಲೋ ನೆಲ ಕೆರೆದು ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಮೊಟ್ಟೆ ಸುಮಾರು 100 ಗ್ರಾಂ ತೂಗುತ್ತದೆ, ಜವಾರಿ ಕೋಳಿಯ ಮೊಟ್ಟೆಯ ಎರಡರಷ್ಟಕ್ಕಿಂತ ಹೆಚ್ಚು. ಕಾವಿನ ಅವಧಿ 28 ದಿನ, ಒಮ್ಮೊಮ್ಮೆ ಇನ್ನೊಂದೆರಡು ದಿನ. ಗಂಡು ಕಾವಿಗೆ ಕೂಡುವುದಿಲ್ಲ, ಮರಿಗಳ ಹತ್ತಿರವೂ ಸುಳಿಯುವುದಿಲ್ಲ. ಹೆಣ್ಣು ಸತ್ತರೆ ಗೂಡು ಅನಾಥ.

ಇಂಥ ಮೊಟ್ಟೆ ಬಂದಾಗ ಮೊದಲು ಹುಡುಕುವುದು ಕಾವಿಗೆ ಗಟ್ಟಿಯಾಗಿ ಕೂತ ಜವಾರಿ ಕೋಳಿಯನ್ನು. ಫಾರಂ ಕೋಳಿಗೆ ಕಾವಿನ ಬುದ್ಧಿಯೇ ಉಳಿದಿಲ್ಲ. ಒಂದು ಕೋಳಿಯ ಕೆಳಗೆ ನಾಲ್ಕಕ್ಕಿಂತ ಹೆಚ್ಚು ನವಿಲ ಮೊಟ್ಟೆ ಬೇಡ, ಅಂಚಿನವು ತಣ್ಣಗಾಗುತ್ತವೆ. ಅವಳ ಸ್ವಂತ ಮೊಟ್ಟೆ ಒಂದನ್ನೂ ಜೊತೆಗೆ ಬಿಡಬೇಡಿ. ಕೋಳಿಮರಿ 21ನೇ ದಿನಕ್ಕೆ ಹೊರಬರುತ್ತದೆ, ತಾಯಿ ಅದನ್ನು ಕರೆದುಕೊಂಡು ಮೇಯಲು ಹೊರಡುತ್ತಾಳೆ, ಇನ್ನೊಂದು ವಾರ ಕಾವು ಬೇಕಾದ ನವಿಲ ಮೊಟ್ಟೆ ಹಾಗೇ ಉಳಿಯುತ್ತದೆ. ದೊಡ್ಡ ಮೊಟ್ಟೆಯನ್ನು ಹೊರಳಿಸಲು ಕೋಳಿಗೆ ಕಷ್ಟ. ಒಂದು ಬದಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ದಿನಕ್ಕೆ ಮೂರು ಸಲ ಕೈಯಿಂದಲೇ ಹೊರಳಿಸಬೇಕು. ಸಮಸಂಖ್ಯೆ ಬೇಡ. ರಾತ್ರಿಯೆಲ್ಲ ಒಂದೇ ಬದಿ ಮೇಲಿರುವುದು ದಿನ ಬಿಟ್ಟು ದಿನ ಬದಲಾಗಲಿ.

ಯಂತ್ರದಲ್ಲಿ ಇಡುವುದಾದರೆ ಗಾಳಿ ತಿರುಗುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಸೆಲ್ಸಿಯಸ್. ತೇವಾಂಶ ಶೇ 55ರ ಆಸುಪಾಸು. 25ನೇ ದಿನದ ನಂತರ ಹೊರಳಿಸುವುದು ನಿಲ್ಲಿಸಿ ತೇವಾಂಶವನ್ನು ಶೇ 65-70ಕ್ಕೆ ಏರಿಸಬೇಕು. ನಮ್ಮ ಬೇಸಿಗೆಯ ಒಣಗಾಳಿಗೆ ಮೊಟ್ಟೆಯೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ, ಚಿಪ್ಪು ಒಡೆದೂ ಮರಿ ಹೊರಬರಲಾರದೆ ಸಾಯುತ್ತದೆ. ಕರೆಂಟ್ ಹೋಗಿ ಬರುವ ಹಳ್ಳಿಯಲ್ಲಿ ಯಂತ್ರಕ್ಕಿಂತ ಕೋಳಿಯನ್ನೇ ನಾನು ನಂಬುತ್ತೇನೆ. ಹತ್ತನೇ ದಿನ ಕತ್ತಲೆಯಲ್ಲಿ ಟಾರ್ಚ್ ಬೆಳಕಿಗೆ ಹಿಡಿದರೆ ರಕ್ತನಾಳಗಳ ಬಲೆ ಕಾಣುತ್ತದೆ. ಕಾಣದ ಮೊಟ್ಟೆಯನ್ನು ಬೇರೆ ಇಡಿ, ಕೊಳೆತು ಒಡೆದರೆ ಉಳಿದವೂ ಹಾಳು.

ಮರಿ ಹೊರಬಂದ ಮೇಲೆ ಕೋಳಿಯೇ ಅಪಾಯವೂ ಆಗಬಹುದು. ಕೋಳಿಯ ಕರುಳಿನಲ್ಲಿರುವ ಹೆಟೆರಾಕಿಸ್ ಎಂಬ ಸಣ್ಣ ಜಂತುವಿನ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಎಂಬ ಪರೋಪಜೀವಿ ಕೂತಿರುತ್ತದೆ. ಕೋಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಟರ್ಕಿ ಕೋಳಿಗೂ ನವಿಲಿಗೂ ಅದು ಮಾರಕ. ಮರಿ ಮಂಕಾಗಿ ರೆಕ್ಕೆ ಇಳಿಬಿಟ್ಟು ಗಂಧಕದ ಹಳದಿಯ ಹಿಕ್ಕೆ ಹಾಕಿದರೆ ಯಕೃತ್ತು ಹಾಳಾಗಿದೆ ಎಂದೇ ಅರ್ಥ. ಆ ಜಂತುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಎರೆಹುಳು ತಿಂದರೂ ಮರಿಗೆ ಬರುತ್ತದೆ. ಹಾಗಾಗಿ ಕಾವಿಗೆ ಕೂರಿಸುವ ಮೊದಲೇ ಕೋಳಿಗೆ ಜಂತುನಾಶಕ ಕೊಡಬೇಕು. ಮರಿಗಳನ್ನು ಹಳೆಯ ಕೋಳಿ ಅಂಗಳದ ಮಣ್ಣಿಗೆ ಇಳಿಸದೆ ಜಾಲರಿಯ ತಳದ ಮೇಲೆ ಬೆಳೆಸಬೇಕು. ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ನವಿಲಿಗೂ ಬರುತ್ತದೆ, ಆ ಕೋಳಿಗೆ ಲಸಿಕೆ ಮೊದಲೇ ಆಗಿರಬೇಕು.

ಬರೀ ಜೋಳದ ನುಚ್ಚಿನ ಮೇಲೆ ಬಿಟ್ಟರೆ ಮರಿ ಉಳಿಯುವುದಿಲ್ಲ. ಮೊದಲ ವಾರಗಳಲ್ಲಿ ಅದಕ್ಕೆ ಬೇಕಾದದ್ದು ಹುಳು. ಗೆದ್ದಲು ಬಹಳ ಒಳ್ಳೆಯದು. ಪ್ರೊಟೀನ್ ಹೆಚ್ಚಿರುವ ಟರ್ಕಿ ಮರಿಗಳ ಆಹಾರವೂ ನಡೆಯುತ್ತದೆ. ತಾಯಿ ನವಿಲು ಕೊಕ್ಕಿನ ತುದಿಯಲ್ಲಿ ಹಿಡಿದು ತೋರಿಸಿದ್ದನ್ನು ಮರಿ ಹೆಕ್ಕುತ್ತದೆ. ಆದ್ದರಿಂದ ನೆಲದಲ್ಲಿ ಚೆಲ್ಲಿದ ಆಹಾರ ಮೊದಮೊದಲು ಅದರ ಕಣ್ಣಿಗೇ ಬೀಳುವುದಿಲ್ಲ. ಚಿಮಟದ ತುದಿಯಲ್ಲಿ ಹಿಡಿದು ತೋರಿಸಬೇಕು. ಎರಡು ವಾರ ಆಗುವಷ್ಟರಲ್ಲಿ ಅದು ಹಾರಿ ಮೇಲೆ ಕೂಡುತ್ತದೆ, ಗೂಡಿಗೆ ಮೇಲ್ಮುಚ್ಚಳ ಇರಲೇಬೇಕು.

9. ಮರಿ ಯಾರನ್ನು ನೋಡುತ್ತದೋ ಅವರನ್ನೇ ತನ್ನವರೆಂದುಕೊಳ್ಳುತ್ತದೆ

ವಿಯೆನ್ನಾದ ಷೋನ್‌ಬ್ರುನ್ ಮೃಗಾಲಯದ ಒಂದು ಪ್ರಸಂಗವನ್ನು ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆಂಜ್ ದಾಖಲಿಸಿದ್ದಾನೆ. ಒಂದೇ ಗೂಡಿನ ಮರಿಗಳಲ್ಲಿ ಬದುಕುಳಿದ ಕೊನೆಯ ಬಿಳಿ ನವಿಲ ಮರಿಯನ್ನು ಚಳಿಯಿಂದ ಕಾಪಾಡಲು ದೈತ್ಯ ಆಮೆಗಳಿದ್ದ ಬೆಚ್ಚನೆಯ ಕೋಣೆಯಲ್ಲಿ ಇಟ್ಟರು. ಅದು ದೊಡ್ಡದಾಗಿ ಸೋಗೆ ಬಿಚ್ಚಿ ಕುಣಿದದ್ದು ಆಮೆಗಳ ಮುಂದೆ. ಸುತ್ತ ಚೆಂದದ ಹೆಣ್ಣು ನವಿಲುಗಳಿದ್ದರೂ ಜೀವನಪರ್ಯಂತ ಅವುಗಳ ಕಡೆ ತಿರುಗಿ ನೋಡಲಿಲ್ಲ.

ಜೀವ ಉಳಿಯಿತು, ಸಂತಾನ ಉಳಿಯಲಿಲ್ಲ. ಮನುಷ್ಯರ ಕೈಯಲ್ಲಿ ಬೆಳೆದ ಮರಿಯದೂ ಇದೇ ಕಥೆ. ಮಕ್ಕಳು ಎತ್ತಿ ಆಡಿಸುವುದು, ಹೆಸರಿಟ್ಟು ಕರೆಯುವುದು, ವಿಡಿಯೊ ಮಾಡುವುದು ಎಲ್ಲ ಪ್ರೀತಿಯಿಂದಲೇ ಆಗುತ್ತದೆ. ಆ ಹಕ್ಕಿ ಮುಂದೆ ನಾಯಿಗೂ ಹೆದರುವುದಿಲ್ಲ, ಬೇಟೆಗಾರನಿಗೂ ಹೆದರುವುದಿಲ್ಲ. ಮರಿಗಳನ್ನು ಒಟ್ಟಿಗೇ ಬೆಳೆಸಿ, ಸಾಧ್ಯವಿದ್ದರೆ ಬೇರೆ ನವಿಲುಗಳು ಕಾಣುವ ಕೇಳುವ ಜಾಗದಲ್ಲಿಡಿ. ಆಹಾರ ಕೊಡುವವರು ಮಾತಾಡದೆ ಕೊಟ್ಟು ಹೊರಬರಲಿ.

10. ಎಲ್ಲಿ ಹಣ, ಎಲ್ಲಿ ಶ್ರಮ

ನಮ್ಮ ನೀಲಿ ನವಿಲಿನ ಸಂತಾನವನ್ನು ಪಂಜರದಲ್ಲಿ ಬೆಳೆಸಬೇಕಿಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ ಅದರ ಸಂಖ್ಯೆ ದೀರ್ಘಾವಧಿಯಲ್ಲಿ ಶೇ 150ಕ್ಕೂ ಹೆಚ್ಚು ಏರಿದೆ. ಶೇಂಗಾ, ಭತ್ತದ ಸಸಿಮಡಿ, ಟೊಮೆಟೊ ಹಾಳಾದ ರೈತರ ದೂರು ನ್ಯಾಯವಾದದ್ದೇ. ಅದಕ್ಕೆ ಬೇಲಿ, ಪರಿಹಾರ ಬೇಕು. ವಿಷದ ಕಾಳು ಉತ್ತರವಲ್ಲ.

ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯ 139 ಎಕರೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಿದರು. ಅಲ್ಲಿ ನವಿಲು ಉಳಿದು ಬೆಳೆದದ್ದು ಕೋಟೆಯೊಳಗಿನ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರದಿಂದ. ದನಗಳಿಗಾಗಿ ಮೇವು ಬೆಳೆದರು, ಕಂದಕದಲ್ಲಿ ಗಿಡಗಂಟಿ ಹಾಗೇ ಬಿಟ್ಟರು, ಹೊರಗಿನವರ ಓಡಾಟ ಕಡಿಮೆಯಿತ್ತು. ನವಿಲು ತಾನಾಗಿ ಹೆಚ್ಚಿತು. ಪಶುವೈದ್ಯನಾಗಿ ನನಗೆ ಈ ಜಾಗದ ಮೇಲೆ ವಿಶೇಷ ಅಭಿಮಾನ. ಒಂದು ಎತ್ತಿನ ತಳಿಯನ್ನು ಕಾಪಾಡಿದ ನೆಲ ಒಂದು ಹಕ್ಕಿಯನ್ನೂ ಕಾಪಾಡಿತು.

ಪಂಜರದಲ್ಲಿ ಸಂತಾನ ಬೆಳೆಸುವ ದುಬಾರಿ ವಿದ್ಯೆ ನಿಜವಾಗಿ ಬೇಕಾದದ್ದು ಬೇರೆ ಹಕ್ಕಿಗಳಿಗೆ. ಮಣಿಪುರದ ಗಡಿಯ ಹಸಿರು ನವಿಲಿಗೆ ಬೇಕು. ನಮ್ಮ ಪಕ್ಕದ ಸಿರುಗುಪ್ಪದ ಎರಿ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಬೇಕು. ಎರ್ಲಡ್ಡು ಒಂದು ಸಲಕ್ಕೆ ಸಾಮಾನ್ಯವಾಗಿ ಇಡುವುದೇ ಒಂದು ಮೊಟ್ಟೆ. ಪಂಜರದಲ್ಲಿರುವವನ್ನು ಬಿಟ್ಟರೆ ಇಡೀ ದೇಶದಲ್ಲಿ 150ರಷ್ಟೂ ಉಳಿದಿಲ್ಲ. ಜೈಸಲ್ಮೇರ್‌ನಲ್ಲಿ 2019ರಲ್ಲಿ ಕಾಡಿನ ಮೊಟ್ಟೆ ತಂದು ಕಾವು ಕೊಟ್ಟು ಮರಿ ಮಾಡುವ ಕೆಲಸ ಶುರುವಾಯಿತು, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಪಕ್ಷಿ ಸಂತಾನದ ಕೆಲಸ ಕಲಿಯಬೇಕೆಂಬ ಹಂಬಲವಿರುವ ನಮ್ಮ ಯುವ ವೈದ್ಯರು ಅತ್ತ ನೋಡಬೇಕು.

ಮುಂಗಾರಿಗೆ ಮೊದಲು ಹೊಲ ಹರಗುವವರಿಗೆ, ಮೇವು ಕೊಯ್ಯುವವರಿಗೆ ನನ್ನ ವಿನಂತಿ ಇಷ್ಟು. ಬದುವಿನಲ್ಲಿ ನವಿಲ ಗೂಡು ಕಂಡರೆ ಮೊಟ್ಟೆ ಮುಟ್ಟಬೇಡಿ, ಸುತ್ತ ನಾಲ್ಕು ಮಾರು ಜಾಗ ಕೊಯ್ಯದೆ ಬಿಡಿ, ನಾಯಿಯನ್ನು ಕಟ್ಟಿಹಾಕಿ. ಬೀಜೋಪಚಾರ ಮಾಡಿ ಉಳಿದ ಬೀಜವನ್ನು ಬದುವಿಗೆ ಚೆಲ್ಲದೆ ಮಣ್ಣಲ್ಲಿ ಹೂತುಬಿಡಿ. ತಾಯಿ ಹಕ್ಕಿ ಸತ್ತು ಬಿದ್ದಿದ್ದರೆ ಮೊಟ್ಟೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಆ ಕೂಡಲೇ ಕರೆ ಮಾಡಿ. ಕಾವು ತಪ್ಪಿದ ಮೊಟ್ಟೆಗೆ ಸಮಯ ಬಹಳ ಇರುವುದಿಲ್ಲ.